ಎರಡು ಎಣಿಕೆ, ಎರಡು ಪ್ರಮಾಣವಚನ

ಮಕ್ಕಳೇ, ಮೊದಲಿಗೆ ಒಂದು ಪ್ರಶ್ನೆ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1966ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೂ ಅದೇ ಪ್ರಶಸ್ತಿ ಬಂದಿತ್ತು. ಸರಿ, ಈ ಮ್ಯಾಗ್ಸೆಸೆ ಅಂದರೆ ಯಾರು?

ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುತ್ತಿದ್ದ ನನ್ನ ಮೊಮ್ಮಗಳು ಹೀಗೆ ಕೇಳಿದಾಗ "ಯಾರೋ ದೊಡ್ಡ ಮನುಷ್ಯರು" ಎಂದು ಜಾರಿಕೊಳ್ಳಲು ನೋಡಿದೆ. ಅವಳು ಬಿಡಬೇಕಲ್ಲ! "ತಾತ, ಪ್ರಶಸ್ತಿ ತಗೊಂಡವರ ಹೆಸರು ಮಾತ್ರ ಗೊತ್ತಾ ನಿಮಗೆ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದ ನಾವಿಬ್ಬರೂ ಕೊನೆಗೆ ಬಂದು ನಿಂತಿದ್ದು ಒಂದು ದೊಡ್ಡ ರಸ್ತೆಯಲ್ಲಿ. ಆ ರಸ್ತೆಯಲ್ಲಿ ಟ್ಯಾಂಕುಗಳಿದ್ದವು, ಅಜ್ಜಿಯರಿದ್ದರು, ಬನ್ನು ಹಂಚುವವರಿದ್ದರು. ಎಲ್ಲರೂ ಅಲ್ಲಿಗೆ ಬಂದಿದ್ದು ಒಂದು ಚುನಾವಣೆಯ ಲೆಕ್ಕ ತಪ್ಪಾಗಿದೆ ಎಂಬ ಜಗಳಕ್ಕೆ.

ಆ ದೇಶ ಫಿಲಿಪ್ಪೀನ್ಸ್. ಭೂಪಟದಲ್ಲಿ ನಮ್ಮಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಅಂಚಿನಲ್ಲಿ, ಯಾರೋ ಕಡಲೆಪುರಿ ಚೆಲ್ಲಿದಂತೆ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳು ಕಾಣುತ್ತವಲ್ಲ, ಅದೇ. ರಾಜಧಾನಿ ಮನಿಲಾ. ಅಲ್ಲಿಯವರಿಗೂ ನಮ್ಮ ಹಾಗೆ ಮೂರು ಹೊತ್ತೂ ಅನ್ನ ಬೇಕು. ಹೊಲ ಗದ್ದೆ ಮಾಡಿದ ಅಜ್ಜಂದಿರಿಗೆ ಐ.ಆರ್. 8 ಭತ್ತ ನೆನಪಿರಬಹುದು. 1966ರಲ್ಲಿ ಆ ತಳಿ ಹೊರಬಂದದ್ದು ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್ ಎಂಬ ಊರಿನ ಭತ್ತದ ಸಂಶೋಧನಾ ಕೇಂದ್ರದಿಂದ. ಅಜ್ಜಿಗೆ ಅಲ್ಲಿ "ಲೋಲಾ" ಅನ್ನುತ್ತಾರೆ, ಅಜ್ಜನಿಗೆ "ಲೋಲೊ". ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ರಾಮೋನ್ ಮ್ಯಾಗ್ಸೆಸೆ ಆ ದೇಶದ ಅಧ್ಯಕ್ಷರಾಗಿದ್ದರು. 1953ರ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷರನ್ನೇ ಸೋಲಿಸಿ ಗೆದ್ದವರು. ಆಗಲೂ ಅಲ್ಲಿ ಮತ ಕದಿಯುವ ಭಯವಿತ್ತು. ಅದಕ್ಕಾಗಿ ಊರೂರಿನ ಸ್ವಯಂಸೇವಕರು ಸೇರಿ ಮತಗಟ್ಟೆಗಳಿಗೆ ಕಾವಲು ನಿಂತರು. ಆ ಕಾವಲುಗಾರರ ಸಂಘದ ಹೆಸರು ನಾಮ್‌ಫ್ರೆಲ್. ಗೆದ್ದ ಮೇಲೆ ಮ್ಯಾಗ್ಸೆಸೆ ಅಧ್ಯಕ್ಷರ ಅರಮನೆಯ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದಿಟ್ಟರು. 1957ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಚುನಾವಣೆಗೆ ಒಂದು ಹಾಡು ಕಟ್ಟಿದ್ದರು, ಹೆಸರು "ಮ್ಯಾಂಬೊ ಮ್ಯಾಗ್ಸೆಸೆ". ಆ ಹಾಡು ಮೂವತ್ತಮೂರು ವರ್ಷ ಬಿಟ್ಟು ಮತ್ತೆ ಕೇಳಿಬರುತ್ತದೆ. ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಇಳಿಯಲು ಒಲ್ಲದ ಅಧ್ಯಕ್ಷರು

1965ರಲ್ಲಿ ಫರ್ಡಿನೆಂಡ್ ಮಾರ್ಕೋಸ್ ಎಂಬವರು ಅಧ್ಯಕ್ಷರಾದರು. ಮಾತುಗಾರರು, ವಕೀಲರು, ಬುದ್ಧಿವಂತರು. 1969ರಲ್ಲಿ ಮತ್ತೊಮ್ಮೆ ಗೆದ್ದರು. ಅಲ್ಲಿಯ ಸಂವಿಧಾನದ ಪ್ರಕಾರ ಒಬ್ಬರು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿ ಇರುವಂತಿರಲಿಲ್ಲ. ಎರಡನೆಯ ಅವಧಿ ಮುಗಿಯುವ ಮೊದಲೇ, 1972ರ ಸೆಪ್ಟೆಂಬರಿನಲ್ಲಿ, ಅವರು ದೇಶದಲ್ಲಿ ಸೇನಾ ಕಾನೂನು ಜಾರಿ ಮಾಡಿದರು. ಪತ್ರಿಕೆಗಳ ಬಾಗಿಲು ಮುಚ್ಚಿಸಿದರು. ವಿರೋಧ ಪಕ್ಷದವರನ್ನು ಜೈಲಿಗೆ ಹಾಕಿಸಿದರು. (ನಮ್ಮ ತುರ್ತುಪರಿಸ್ಥಿತಿಯನ್ನು ಕಂಡ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು 21 ತಿಂಗಳು. ಅವರದ್ದು ಕಾಗದದ ಮೇಲೆ ತೆಗೆದದ್ದೇ 1981ರಲ್ಲಿ.)

ಜೈಲಿಗೆ ಹೋದವರಲ್ಲಿ ಮುಖ್ಯರಾದವರು ಬೆನಿಗ್ನೊ ಅಕಿನೊ. ಜನ ಅವರನ್ನು ಕರೆಯುತ್ತಿದ್ದುದು ನಿನೋಯ್ ಎಂದು. ಏಳು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು, ಹೃದಯದ ಚಿಕಿತ್ಸೆಗೆಂದು 1980ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲೇ ಇದ್ದಿದ್ದರೆ ಬದುಕುತ್ತಿದ್ದರೇನೋ. 1983ರ ಆಗಸ್ಟ್ 21ರಂದು ಊರಿಗೆ ಮರಳಿದರು. ಮನಿಲಾದ ಬೀದಿಗಳಲ್ಲಿ ಜನ ಅವರ ಸ್ವಾಗತಕ್ಕೆ ಹಳದಿ ರಿಬ್ಬನ್ ಕಟ್ಟಿ ಕಾಯುತ್ತಿದ್ದರು. ಜೈಲಿನಿಂದ ಮನೆಗೆ ಬರುವವನಿಗಾಗಿ ಮರಕ್ಕೆ ಹಳದಿ ರಿಬ್ಬನ್ ಕಟ್ಟುವ ಒಂದು ಅಮೆರಿಕನ್ ಹಾಡು ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ಸೈನಿಕರು ವಿಮಾನದಿಂದ ಇಳಿಸಿಕೊಂಡು ಹೋದ ಕೆಲವೇ ಕ್ಷಣಗಳಲ್ಲಿ ನಿನೋಯ್ ಗುಂಡೇಟಿಗೆ ಬಲಿಯಾದರು. ಆ ಪ್ರಕರಣದಲ್ಲಿ ಎಷ್ಟೋ ವರ್ಷದ ಮೇಲೆ ಸೈನಿಕರಿಗೆ ಶಿಕ್ಷೆಯಾಯಿತು. ಹಳದಿ ಅಂದಿನಿಂದ ಅವರ ಕಡೆಯವರ ಬಣ್ಣವಾಯಿತು.

ಎರಡು ವರ್ಷ ಕಳೆಯಿತು. ಜನರಿಗೆ ಸಿಟ್ಟು, ದೇಶದ ಮೇಲೆ ಸಾಲ, ಮಾರ್ಕೋಸ್ ಅವರಿಗೆ ಕಾಯಿಲೆ. "ನಿಮ್ಮ ಜನ ನಿಮ್ಮ ಜೊತೆ ಇದ್ದಾರೆಯೆ?" ಎಂದು ಅಮೆರಿಕದವರು ಕೇಳತೊಡಗಿದರು. 1985ರ ನವೆಂಬರಿನಲ್ಲಿ ಮಾರ್ಕೋಸ್ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಕೂತು, "ಬೇಕಾದರೆ ಈಗಲೇ ಚುನಾವಣೆ ಮಾಡುತ್ತೇನೆ" ಎಂದು ಘೋಷಿಸಿಬಿಟ್ಟರು. ಸ್ವಂತ ದೇಶದ ಚುನಾವಣೆಯನ್ನು ಬೇರೆ ದೇಶದ ಟಿ.ವಿ.ಯಲ್ಲಿ! ಎದುರಾಳಿಗಳು ಒಗ್ಗಟ್ಟಾಗುವುದರೊಳಗೆ ಗೆದ್ದು ಮುಗಿಸಬಹುದು ಎಂಬುದು ಅವರ ಲೆಕ್ಕ.

ಎದುರಿಗೆ ನಿಂತವರು ನಿನೋಯ್ ಅವರ ಪತ್ನಿ ಕೊರಾಝಾನ್ ಅಕಿನೊ. ಎಲ್ಲರಿಗೂ ಅವರು ಕೋರಿ. ಐದು ಮಕ್ಕಳ ತಾಯಿ. ತಾನೊಬ್ಬ ಗೃಹಿಣಿ ಎಂದೇ ಹೇಳಿಕೊಳ್ಳುತ್ತಿದ್ದವರು. ಹಿರಿಯ ಪತ್ರಕರ್ತ ಹೊಆಕಿನ್ ರೋಸೆಸ್ ಅವರ ಮುಂದಾಳತ್ವದಲ್ಲಿ ಹತ್ತು ಲಕ್ಷ ಸಹಿ ಸಂಗ್ರಹಿಸಿ ತಂದುಕೊಟ್ಟ ಮೇಲೆ ಒಪ್ಪಿದರು. "ಈಕೆಗೆ ಏನು ಅನುಭವ ಇದೆ?" ಎಂದು ಮಾರ್ಕೋಸ್ ಹಂಗಿಸಿದರು. ನಿಜ, ಸುಳ್ಳು ಹೇಳುವುದರಲ್ಲಿ, ಕದಿಯುವುದರಲ್ಲಿ, ಮೋಸ ಮಾಡುವುದರಲ್ಲಿ ನನಗೆ ಅನುಭವವಿಲ್ಲ ಎಂಬ ಅರ್ಥದಲ್ಲಿ ಕೋರಿ ಉತ್ತರ ಕೊಟ್ಟರು. ಸಭೆಗಳಲ್ಲಿ ಅವರು ಉಡುತ್ತಿದ್ದುದು ಹಳದಿ ಬಟ್ಟೆ. ಆಗ ನಮ್ಮ ಊರಿನ ವಾಚನಾಲಯಕ್ಕೆ ಬರುತ್ತಿದ್ದ ಪತ್ರಿಕೆಗಳ ಚಿತ್ರಗಳೆಲ್ಲ ಕಪ್ಪು ಬಿಳುಪು. ಆ ಬಟ್ಟೆ ಹಳದಿ ಎಂದು ನಾವು ಓದಿಯೇ ತಿಳಿದುಕೊಳ್ಳಬೇಕಿತ್ತು.

ಎದ್ದು ಹೊರಟ ಕಂಪ್ಯೂಟರ್ ಕೆಲಸಗಾರರು

1986ರ ಫೆಬ್ರುವರಿ 7, ಶುಕ್ರವಾರ ಮತದಾನ. ನಮ್ಮಲ್ಲಿರುವಂತೆ ಅಲ್ಲೂ ಮತಗಟ್ಟೆಯ ಕೆಲಸ ಶಾಲಾ ಶಿಕ್ಷಕರದ್ದೇ. ಅವತ್ತು ಎಷ್ಟೋ ಕಡೆ ಗೂಂಡಾಗಳು ಬಂದರು, ಮತಪೆಟ್ಟಿಗೆ ಕಿತ್ತುಕೊಂಡರು, ದುಡ್ಡು ಹಂಚಿದರು. ಲಕ್ಷಾಂತರ ಜನ ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮ್ಯಾಗ್ಸೆಸೆ ಕಾಲದ ನಾಮ್‌ಫ್ರೆಲ್ ಹೆಸರಿನಲ್ಲೇ ಮತ್ತೆ ಕಟ್ಟಿದ ಸಂಘದ ಸುಮಾರು ಐದು ಲಕ್ಷ ಸ್ವಯಂಸೇವಕರು ದೇಶದ ತುಂಬ ಕಾವಲಿಗಿದ್ದರು. ಗೃಹಿಣಿಯರು, ವಿದ್ಯಾರ್ಥಿಗಳು, ಸನ್ಯಾಸಿನಿಯರು, ಅಂಗಡಿಯವರು. ಮತಪೆಟ್ಟಿಗೆ ಹೊತ್ತ ಗಾಡಿಯ ಜೊತೆಗೇ ಹೋಗುತ್ತಿದ್ದರು.

ಆಮೇಲೆ ಎಣಿಕೆ. ಕಥೆಯ ಗಂಟು ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಪ್ರತಿ ಮತಗಟ್ಟೆಯಲ್ಲೂ ಮತ ಎಣಿಸಿ, ಯಾರಿಗೆ ಎಷ್ಟು ಎಂದು ಬರೆದ ಹಾಳೆಗೆ ಹಲವು ಪ್ರತಿ. ಒಂದು ಸರಕಾರದ ಚುನಾವಣಾ ಆಯೋಗಕ್ಕೆ, ಒಂದು ನಾಮ್‌ಫ್ರೆಲ್‌ಗೆ. ಹಾಗಾಗಿ ಮನಿಲಾದಲ್ಲಿ ಎರಡು ಕಡೆ ಕೂಡುವ ಲೆಕ್ಕ ನಡೆಯಿತು. ಆಯೋಗದ್ದು ಸಮುದ್ರದ ದಂಡೆಯ ದೊಡ್ಡ ಸಮಾವೇಶ ಭವನದಲ್ಲಿ. ನಾಮ್‌ಫ್ರೆಲ್‌ನದ್ದು ಒಂದು ಶಾಲೆಯ ವ್ಯಾಯಾಮ ಭವನದಲ್ಲಿ. ಎರಡೂ ಕಡೆ ದೊಡ್ಡ ಫಲಕ. ಒಂದು ಫಲಕದಲ್ಲಿ ಮಾರ್ಕೋಸ್ ಮುಂದೆ, ಇನ್ನೊಂದರಲ್ಲಿ ಕೋರಿ ಮುಂದೆ. ಒಂದೇ ಚುನಾವಣೆ, ಅವೇ ಹಾಳೆಗಳು. ಒಂದೇ ಅಂಗಡಿಯ ಸಾಮಾನಿಗೆ ಅಪ್ಪನ ಚೀಟಿಯಲ್ಲಿ ಒಂದು ಮೊತ್ತ, ಮಗನ ಚೀಟಿಯಲ್ಲಿ ಇನ್ನೊಂದು ಮೊತ್ತ ಬಂದರೆ ಮನೆಯಲ್ಲಿ ಏನಾಗುತ್ತದೆ ಹೇಳಿ?

ಫೆಬ್ರುವರಿ 9ರ ರಾತ್ರಿ ಆಯೋಗದ ಭವನದಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಕಿ ತುಂಬುತ್ತಿದ್ದವರು ಒಂದು ವಿಷಯ ಗಮನಿಸಿದರು. ತಾವು ತುಂಬಿದ ಅಂಕಿಗೂ ಜನರ ಎದುರಿನ ಫಲಕದ ಮೇಲೆ ಬರುತ್ತಿದ್ದ ಅಂಕಿಗೂ ತಾಳೆಯಾಗುತ್ತಿರಲಿಲ್ಲ. ಒಂದೆರಡು ಸಲ ಆದರೆ ಕೈತಪ್ಪು ಅನ್ನಬಹುದು. ಇದು ಹಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಸಂಬಳಕ್ಕೆ ದುಡಿಯುವವರು. ಮನೆಯಲ್ಲಿ ಅಪ್ಪ ಅಮ್ಮ, ಪುಟ್ಟ ಮಕ್ಕಳು ಇದ್ದವರು. ಲಿಂಡಾ ಕಪುನಾನ್ ಎಂಬವರ ಮುಂದಾಳತ್ವದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಎದ್ದರು. ಕೂಗಾಡಲಿಲ್ಲ, ಏನನ್ನೂ ಒಡೆಯಲಿಲ್ಲ. ಮುದ್ರಿಸಿದ ಹಾಳೆಗಳನ್ನೂ ಡಿಸ್ಕುಗಳನ್ನೂ ಎತ್ತಿಕೊಂಡು ಸಾಲಾಗಿ ಹೊರನಡೆದರು. ಕೆಲವರು ಅಳುತ್ತಿದ್ದರು. ಹೊರಗೆ ದೇಶವಿದೇಶದ ಪತ್ರಕರ್ತರ ಕ್ಯಾಮೆರಾಗಳಿದ್ದವು. ಅಲ್ಲಿಂದ ಅವರು ನೇರ ಹೋಗಿದ್ದು ಬಾಕ್ಲರಾನ್ ಎಂಬಲ್ಲಿಯ ಚರ್ಚಿಗೆ. ಮನೆಗೆ ಹೋದರೆ ಏನಾಗುತ್ತದೋ ಎಂಬ ಭಯ.

ಮುಂದೆ ಬರುವ ಟ್ಯಾಂಕುಗಳ ಕಥೆ ಎಲ್ಲರಿಗೂ ಇಷ್ಟವಾಗುತ್ತದೆ. ನನಗೆ ಮಾತ್ರ ಈ ಕಂಪ್ಯೂಟರ್ ಕೆಲಸಗಾರರೇ ಹೆಚ್ಚು. ಟ್ಯಾಂಕಿನ ಮುಂದೆ ಲಕ್ಷಾಂತರ ಜನ ಜೊತೆಗಿದ್ದರು. ಆ ರಾತ್ರಿ ಕುರ್ಚಿ ಹಿಂದೆ ಸರಿಸಿ ಎದ್ದವರಿಗೆ ಜೊತೆಗಿದ್ದವರು ಮೂವತ್ತು ಚಿಲ್ಲರೆ ಮಂದಿ ಮಾತ್ರ.

ಎರಡು ದಿನ ಕಳೆದು, 11ರಂದು, ಆಂಟೀಕೆ ಪ್ರಾಂತ್ಯದ ಮಾಜಿ ರಾಜ್ಯಪಾಲ ಎವೆಲಿಯೊ ಹಾವಿಯರ್ ಅವರನ್ನು ಹಾಡಹಗಲೇ ಗುಂಡಿಟ್ಟು ಕೊಂದರು. ಅವರು ಕೋರಿ ಕಡೆಯವರು, ಅಲ್ಲಿಯ ಎಣಿಕೆಗೆ ಕಾವಲು ಕಾಯುತ್ತಿದ್ದವರು. 13ರಂದು ದೇಶದ ಬಿಷಪ್‌ಗಳೆಲ್ಲ ಸೇರಿ ಈ ಚುನಾವಣೆ ಮೋಸದ್ದು ಎಂದು ಹೇಳಿಕೆ ಕೊಟ್ಟರು. ಆದರೂ 15ರ ರಾತ್ರಿ ಸಂಸತ್ತು ಮಾರ್ಕೋಸ್ ಗೆದ್ದರೆಂದು ಘೋಷಿಸಿತು: ಅವರಿಗೆ 1 ಕೋಟಿ 8 ಲಕ್ಷ ಮತ, ಕೋರಿ ಅವರಿಗೆ 93 ಲಕ್ಷದಷ್ಟು. ವಿರೋಧ ಪಕ್ಷದ ಸದಸ್ಯರು ಎದ್ದು ನಡೆದರು. ನಾಮ್‌ಫ್ರೆಲ್ ಲೆಕ್ಕದಲ್ಲಿ ಕೋರಿ ಏಳು ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಅವರಿಗೆ ಎಲ್ಲ ಮತಗಟ್ಟೆಗಳ ಹಾಳೆ ಸಿಕ್ಕಿರಲಿಲ್ಲ ಎಂಬುದನ್ನೂ ಹೇಳಬೇಕು.

ಜನ ಏನು ಮಾಡಿದರು? ಮೊದಲು ಮಾಡಿದ್ದು ತೀರಾ ಮನೆಯ ಕೆಲಸ. 16ರಂದು ಮನಿಲಾದ ಲುನೇಟಾ ಉದ್ಯಾನದಲ್ಲಿ ಭಾರೀ ಸಭೆ ಸೇರಿತು. ಮಾರ್ಕೋಸ್ ಅವರ ಆಪ್ತರ ಬ್ಯಾಂಕುಗಳಲ್ಲಿ ಹಣ ಇಡಬೇಡಿ, ಅವರ ಪತ್ರಿಕೆ ಓದಬೇಡಿ, ಅವರ ಕಂಪನಿಯ ಬಿಯರು, ತಂಪುಪಾನೀಯ ಕುಡಿಯಬೇಡಿ ಎಂದು ಕೋರಿ ಹೇಳಿದರು. ಮರುದಿನದಿಂದ ಬ್ಯಾಂಕುಗಳ ಮುಂದೆ ಹಣ ವಾಪಸು ಪಡೆಯುವವರ ಸಾಲು. ವಿದೇಶಿ ಬಟ್ಟೆ ಬಿಟ್ಟ ನಮ್ಮ ಹಿರಿಯರ ಕಥೆ ನೆನಪಾಗುತ್ತದೆ ಅಲ್ಲವೆ?

ಎಡ್ಸಾ ಎಂಬ ರಸ್ತೆ

ಮನಿಲಾದಲ್ಲಿ ಎಡ್ಸಾ ಎಂಬ ಹೆದ್ದಾರಿ ಇದೆ. ಅದು ಒಬ್ಬ ಇತಿಹಾಸಕಾರರ ಹೆಸರಿನ ರಸ್ತೆ. ಪೂರ್ತಿ ಹೆಸರು ಎಪಿಫಾನಿಯೊ ದೆ ಲಾಸ್ ಸಾಂತೋಸ್ ಅವೆನ್ಯೂ. ಹೇಳುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಅದಕ್ಕೇ ಎಡ್ಸಾ. ಅದರ ಎರಡು ಬದಿಗೆ ಎದುರುಬದುರಾಗಿ ಎರಡು ಸೇನಾ ಶಿಬಿರ: ಅಗಿನಾಲ್ಡೊ ಮತ್ತು ಕ್ರಾಮೆ.

ಫೆಬ್ರುವರಿ 22, ಶನಿವಾರ. ರಕ್ಷಣಾ ಮಂತ್ರಿ ಎನ್ರಿಲೆ ಮತ್ತು ಸೇನೆಯ ಉಪಮುಖ್ಯಸ್ಥ ಫಿಡೆಲ್ ರಾಮೋಸ್ ಮಾರ್ಕೋಸ್ ವಿರುದ್ಧ ತಿರುಗಿಬಿದ್ದು, ಕೆಲವೇ ನೂರು ಸೈನಿಕರೊಂದಿಗೆ ಈ ಶಿಬಿರಗಳಲ್ಲಿ ಸೇರಿಕೊಂಡರು. ಪತ್ರಕರ್ತರ ಮುಂದೆ ಎನ್ರಿಲೆ ಒಂದು ಮಾತು ಒಪ್ಪಿಕೊಂಡರು: ನನ್ನ ಸ್ವಂತ ಪ್ರದೇಶದಲ್ಲೇ ಮಾರ್ಕೋಸ್ ಅವರಿಗಾಗಿ ಮೂರೂವರೆ ಲಕ್ಷ ಮತಗಳ ಮೋಸ ಆಗಿದೆ. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಈ ಎನ್ರಿಲೆ ಸಾಧುಸಂತರೇನಲ್ಲ. ಸೇನಾ ಕಾನೂನಿನ ಕಾಲದಲ್ಲಿ ಮಾರ್ಕೋಸ್ ಅವರ ಬಲಗೈ ಆಗಿದ್ದವರೇ. ಅಧಿಕಾರ ಹಿಡಿಯಲು ಅವರು ಗುಟ್ಟಾಗಿ ಮಾಡಿದ್ದ ಯೋಜನೆ ಬಯಲಾಗಿ, ಇನ್ನು ಸೆರೆಮನೆಯೇ ಗತಿ ಎಂದು ಓಡಿಬಂದಿದ್ದರು. ಚಂದಮಾಮದ ಕಥೆಯಲ್ಲಿ ಒಳ್ಳೆಯವರು ಒಂದು ಸಾಲು, ಕೆಟ್ಟವರು ಇನ್ನೊಂದು ಸಾಲು ನಿಂತಿರುತ್ತಾರೆ. ಇಲ್ಲಿ ಸಾಲು ಅಷ್ಟು ನೆಟ್ಟಗಿಲ್ಲ.

ಅವತ್ತು ರಾತ್ರಿ ರೇಡಿಯೊ ವೆರಿಟಾಸ್ ಎಂಬ ಚರ್ಚಿನ ಬಾನುಲಿಯಲ್ಲಿ ಮನಿಲಾದ ಕಾರ್ಡಿನಲ್ ಮಾತಾಡಿದರು. ಅವರ ಹೆಸರು ಜೇಮಿ ಸಿನ್. ಇಂಗ್ಲಿಷಿನಲ್ಲಿ ಸಿನ್ ಅಂದರೆ ಪಾಪ, ಅದಕ್ಕೇ ಕಾರ್ಡಿನಲ್ ಸಿನ್ ಎಂದರೆ ಮಕ್ಕಳಿಗೆಲ್ಲ ನಗು! ಶಿಬಿರದಲ್ಲಿರುವ ನಮ್ಮ ಗೆಳೆಯರಿಗೆ ಊಟ ತೆಗೆದುಕೊಂಡು ಹೋಗಿ, ಅವರ ಸುತ್ತ ನಿಲ್ಲಿ ಎಂದು ಅವರು ಜನರನ್ನು ಕೇಳಿಕೊಂಡರು. ಜನ ಬಂದರು. ಮೊದಲು ನೂರಾರು, ನಂತರ ಸಾವಿರಾರು. ಮರುದಿನ ಭಾನುವಾರ ಚರ್ಚಿನಿಂದ ನೇರ ಕುಟುಂಬ ಕುಟುಂಬವೇ ಬಂತು. ಅನ್ನದ ಪಾತ್ರೆ, ಬನ್ನಿನ ಬುಟ್ಟಿ, ನೀರಿನ ಕ್ಯಾನು, ಕೊಡೆ, ಜಪಸರ, ಹೆಗಲ ಮೇಲೆ ಮಗು. ರಥಬೀದಿಯ ಜಾತ್ರೆ ಕಂಡವರಿಗೆ ಆ ನೋಟ ಕಣ್ಣಿಗೆ ಕಟ್ಟುತ್ತದೆ. ನಾಲ್ಕು ದಿನದಲ್ಲಿ ಅಲ್ಲಿ ಸೇರಿದವರು ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ ಎಂಬ ಅಂದಾಜಿದೆ.

ಭಾನುವಾರ ಮಧ್ಯಾಹ್ನ ಟ್ಯಾಂಕುಗಳು ಬಂದವು. ಜನರಲ್ ತಾದಿಯಾರ್ ಅವರ ಪಡೆ. ಎಡ್ಸಾ ಮತ್ತು ಒರ್ತೀಗಾಸ್ ರಸ್ತೆಗಳು ಕೂಡುವ ಕಡೆ ಜನ ದಾರಿಗಡ್ಡ ಕೂತುಬಿಟ್ಟರು. ಬಸ್ಸುಗಳನ್ನು ಅಡ್ಡ ನಿಲ್ಲಿಸಿದರು. ಸನ್ಯಾಸಿನಿಯರು ಟ್ಯಾಂಕಿನ ಮುಂದೆ ಮೊಣಕಾಲೂರಿ ಜಪ ಶುರು ಮಾಡಿದರು. ಇಂಜಿನ್ ಗುರುಗುಟ್ಟಿತು, ಟ್ಯಾಂಕು ಒಂದಿಷ್ಟು ಮುಂದೆ ಜರುಗಿತು. ಕಿರುಚಾಟ ಎದ್ದಿತು. ಕೂತವರು ಏಳಲಿಲ್ಲ.

ಆ ದಿನಗಳನ್ನು ಕಂಡವರ ನೆನಪುಗಳಲ್ಲಿ ಒಬ್ಬ ಲೋಲಾ ಬರುತ್ತಾರೆ. ವಯಸ್ಸು 81, ಗಾಲಿಕುರ್ಚಿಯಲ್ಲಿ ಕೂತವರು. ಅವರು ಸೈನಿಕರಿಗೆ ಹೇಳಿದರಂತೆ: ನಿಲ್ಲಿ, ನಾನು ಮುದುಕಿ, ನನ್ನನ್ನು ಬೇಕಾದರೆ ಕೊಲ್ಲಿ, ನಮ್ಮವರನ್ನೇ ಕೊಲ್ಲಬೇಡಿ. ಟ್ಯಾಂಕಿನಿಂದ ಒಬ್ಬ ಸೈನಿಕ ಇಳಿದು ಬಂದು ಅವರನ್ನು ಅಪ್ಪಿಕೊಂಡನಂತೆ. ಸೈನಿಕರಲ್ಲೂ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಮನೆಯಲ್ಲಿ ಒಬ್ಬ ಲೋಲಾ ಇದ್ದೇ ಇರುತ್ತಾರೆ. ಹುಡುಗಿಯರು ಬಂದೂಕಿನ ತುದಿಗೆ ಹೂ ಸಿಕ್ಕಿಸಿದರು. ಹೆಂಗಸರು ತಿಂಡಿ ಚಾಚಿದರು. ಬೆಳಿಗ್ಗೆಯಿಂದ ಹಸಿದಿದ್ದ ಹುಡುಗರು ಅತ್ತಿತ್ತ ನೋಡಿ ಇಸಿದುಕೊಂಡರು. ಟ್ಯಾಂಕುಗಳು ಹಿಂದಕ್ಕೆ ತಿರುಗಿದವು.

ಇಷ್ಟು ಜನರಿಗೆ ಎಲ್ಲಿ ಏನಾಗುತ್ತಿದೆ ಎಂದು ತಿಳಿಯುತ್ತಿದ್ದುದು ಹೇಗೆ? ಮೊಬೈಲ್ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಇದ್ದದ್ದು ಬ್ಯಾಟರಿ ರೇಡಿಯೊ. ಈ ರಸ್ತೆಗೆ ಟ್ಯಾಂಕು ಬರುತ್ತಿದೆ, ಅಲ್ಲಿಗೆ ಜನ ಬೇಕು ಎಂದು ರೇಡಿಯೊ ಹೇಳಿದರೆ ಜನ ಅಲ್ಲಿಗೆ ಓಡುತ್ತಿದ್ದರು. ಅದು ಗೊತ್ತಾಗಿ ಸರಕಾರಿ ಕಡೆಯವರು ರೇಡಿಯೊ ವೆರಿಟಾಸ್‌ನ ಪ್ರಸಾರ ಯಂತ್ರವನ್ನೇ ಒಡೆದುಹಾಕಿದರು. ಆಗ ಜೂನ್ ಕೀತ್ಲಿ ಎಂಬ ಉದ್ಘೋಷಕಿ ಬೇರೊಂದು ಕಟ್ಟಡಕ್ಕೆ ಹೋಗಿ, ಇನ್ನೊಂದು ಕೇಂದ್ರದಿಂದ ಮಾತಾಡತೊಡಗಿದರು. ಎಲ್ಲಿಂದ ಎಂದು ಹೇಳಲಿಲ್ಲ. ಅದಕ್ಕೆ "ರೇಡಿಯೊ ಬಂಡಿಡೊ", ಅಂದರೆ ಡಕಾಯಿತ ರೇಡಿಯೊ ಎಂದೇ ಹೆಸರಾಯಿತು. ಅವರ ನೆರವಿಗೆ ಇದ್ದವರಲ್ಲಿ ಇಬ್ಬರು ಹದಿಹರೆಯದ ಅಣ್ಣತಮ್ಮಂದಿರು! ರಾತ್ರಿಯಿಡೀ ಮಾತಾಡಿದ ಜೂನ್, ಇದು ನಮ್ಮದೇ ರೇಡಿಯೊ ಎಂದು ಕೇಳುಗರಿಗೆ ಗುರುತು ಸಿಗಲೆಂದು ಮತ್ತೆ ಮತ್ತೆ ಒಂದು ಹಳೆಯ ಹಾಡು ಹಾಕುತ್ತಿದ್ದರು. ಯಾವುದು ಹೇಳಿ ನೋಡೋಣ?

"ಮ್ಯಾಂಬೊ ಮ್ಯಾಗ್ಸೆಸೆ."

ಇಲ್ಲಿಗೆ ಬಂದಾಗ ನನ್ನ ಮೊಮ್ಮಗಳು ರಸಪ್ರಶ್ನೆಯ ಪುಸ್ತಕ ಮಡಚಿಟ್ಟು ಹತ್ತಿರ ಬಂದು ಕೂತಳು. ಕತ್ತಲಲ್ಲಿ ರಸ್ತೆಯಲ್ಲಿ ಕೂತ ಲೋಲೊ, ಲೋಲಾಗಳಿಗೆ ಅದು ತಮ್ಮ ಯೌವನದ ಹಾಡು, 1953ರದ್ದು. ಮೊಮ್ಮಕ್ಕಳಿಗೆ ಹೊಸದು.

ಸೋಮವಾರ ಬೆಳಗಿನ ಜಾವ ಹೆಲಿಕಾಪ್ಟರುಗಳ ಸದ್ದು. ಇನ್ನು ಮುಗಿಯಿತು, ಮೇಲಿನಿಂದ ಗುಂಡು ಹಾರಿಸುತ್ತಾರೆ ಎಂದು ಜನ ತಲೆ ಬಗ್ಗಿಸಿದರು. ಹೆಲಿಕಾಪ್ಟರುಗಳು ಒಂದೊಂದಾಗಿ ಕ್ರಾಮೆ ಶಿಬಿರದೊಳಗೆ ಇಳಿದವು. ಪೈಲಟ್‌ಗಳು ಕೈಬೀಸುತ್ತ ಹೊರಬಂದರು. ಅವರೂ ಈ ಕಡೆ ಸೇರಲು ಬಂದಿದ್ದರು! ಅದೇ ಬೆಳಿಗ್ಗೆ ಮಾರ್ಕೋಸ್ ಓಡಿಹೋದರು ಎಂಬ ಗಾಳಿಸುದ್ದಿ ಹಬ್ಬಿ ಜನ ಕುಣಿದಾಡಿದರು. ಅಷ್ಟರಲ್ಲಿ ಮಾರ್ಕೋಸ್ ಟಿ.ವಿ.ಯಲ್ಲಿ ಕಾಣಿಸಿಕೊಂಡು ನಾನು ಇಲ್ಲೇ ಇದ್ದೇನೆ ಎಂದರು. ಸುದ್ದಿಯನ್ನು ಎರಡು ಸಲ ನೋಡಿ ನಂಬಬೇಕು ಎಂಬುದು ಆಗಲೂ ಇತ್ತು. ಅವರು ಮಾತಾಡುತ್ತಿರುವಾಗಲೇ ಬಂಡೆದ್ದ ಸೈನಿಕರು ಸರಕಾರಿ ಟಿ.ವಿ. ಕೇಂದ್ರವನ್ನು ಹಿಡಿದುಕೊಂಡರು, ಪರದೆ ಖಾಲಿಯಾಯಿತು.

ಒಂದೇ ದಿನ ಇಬ್ಬರು

ಫೆಬ್ರುವರಿ 25, ಮಂಗಳವಾರ. ಬೆಳಿಗ್ಗೆ ಕ್ಲಬ್ ಫಿಲಿಪಿನೊ ಎಂಬಲ್ಲಿ ಕೋರಿ ಅಕಿನೊ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಮಧ್ಯಾಹ್ನ ಮಲಕನ್ಯಾಂಗ್ ಅರಮನೆಯಲ್ಲಿ ಫರ್ಡಿನೆಂಡ್ ಮಾರ್ಕೋಸ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಎರಡು ಎಣಿಕೆ ಆದ ಮೇಲೆ ಎರಡು ಪ್ರಮಾಣವಚನ ಆಗದೆ ಇದ್ದೀತೆ? ಮಾರ್ಕೋಸ್ ಅವರದ್ದನ್ನು ತೋರಿಸುತ್ತಿದ್ದ ಟಿ.ವಿ. ಪ್ರಸಾರ ನಡುವೆಯೇ ಕಡಿದುಹೋಯಿತು. ಅರಮನೆಯ ಬಾಲ್ಕನಿಯಲ್ಲಿ ಅವರು, ಪತ್ನಿ ಇಮೆಲ್ಡಾ, ಮಕ್ಕಳು ನಿಂತಿದ್ದರು. ಕೆಳಗೆ ಜಯಕಾರ ಹಾಕಲು ಕೆಲವು ಸಾವಿರ ಜನ ಬಂದಿದ್ದರು. ಅವರನ್ನೂ ಮರೆಯುವ ಹಾಗಿಲ್ಲ. ಮಾರ್ಕೋಸ್ ಅವರನ್ನು ನಿಜವಾಗಿ ಮೆಚ್ಚಿ ಮತ ಹಾಕಿದವರು ಲಕ್ಷಾಂತರ ಜನ, ಮುಖ್ಯವಾಗಿ ಅವರ ಹುಟ್ಟೂರಿನ ಇಲೋಕೋಸ್ ಕಡೆ. ಅವರ ಕಣ್ಣಲ್ಲೂ ಆ ದಿನ ನೀರಿತ್ತು.

ಆ ರಾತ್ರಿ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಮಾರ್ಕೋಸ್ ಕುಟುಂಬ ಅರಮನೆ ಬಿಟ್ಟಿತು, ಮುಂದೆ ಹವಾಯಿ ದ್ವೀಪ ಸೇರಿತು. 1989ರಲ್ಲಿ ಮಾರ್ಕೋಸ್ ಅಲ್ಲೇ ತೀರಿಕೊಂಡರು. ಅರಮನೆಗೆ ನುಗ್ಗಿದ ಜನ, ನಂತರ ಬಂದ ಪತ್ರಕರ್ತರು ಕಂಡ ವಸ್ತುಗಳಲ್ಲಿ ಪ್ರಪಂಚದ ಬಾಯಿಗೆ ಬಿದ್ದದ್ದು ಇಮೆಲ್ಡಾ ಅವರ ಪಾದರಕ್ಷೆಗಳು. ಸಾವಿರಕ್ಕೂ ಹೆಚ್ಚು ಜೊತೆ!

ಹೊಸ ಸಂವಿಧಾನ ಬಂತು. 1987ರಿಂದ ಅಲ್ಲಿ ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ, ಮತ್ತೆ ನಿಲ್ಲುವಂತಿಲ್ಲ. ಕೋರಿ ತಮ್ಮ ಅವಧಿ ಮುಗಿಸಿ 1992ರಲ್ಲಿ ಸುಮ್ಮನೆ ಮನೆಗೆ ಹೋದರು. ಆದರೆ ರಸ್ತೆಯಲ್ಲಿ ನಿಂತವರು ಕಂಡ ಕನಸೆಲ್ಲ ಕೈಗೂಡಿತು ಎಂದರೆ ಸುಳ್ಳಾಗುತ್ತದೆ. 1987ರ ಜನವರಿಯಲ್ಲಿ ಭೂಮಿ ಕೇಳಿಕೊಂಡು ಅರಮನೆಯ ಕಡೆ ಹೊರಟ ರೈತರ ಮೇಲೆ ಗೋಲಿಬಾರ್ ನಡೆದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಅಧ್ಯಕ್ಷೆ ಕೋರಿಯೇ. ಬಡವರು ಬಡವರಾಗಿಯೇ ಉಳಿದರು.

1998ರಲ್ಲಿ ಕೋರಿ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೆ ಎರಡು ವರ್ಷ ಮೊದಲು ಪಡೆದವರಲ್ಲಿ ಒಬ್ಬರು ನಮ್ಮ ಟಿ.ಎನ್. ಶೇಷನ್. ಮುಖ್ಯ ಚುನಾವಣಾ ಆಯುಕ್ತರಾಗಿ ಅಭ್ಯರ್ಥಿಗಳನ್ನು ನಡುಗಿಸಿದ ಶೇಷನ್ ಅವರೇ. ಅವರ ಕಾಲದ ಚುನಾವಣೆ ಹೇಗಿತ್ತೆಂದು ಮನೆಯ ಹಿರಿಯರನ್ನು ಕೇಳಿ, ಒಂದು ಸಂಜೆಯ ಮಾತಿಗೆ ಸಾಕಾಗುತ್ತದೆ.

ಬಾಲ್ಕನಿಯಲ್ಲಿ ಅಪ್ಪನ ಜೊತೆ ಸೇನಾ ಉಡುಪಿನಲ್ಲಿ ನಿಂತಿದ್ದ 28 ವರ್ಷದ ಮಗ ಆಮೇಲೆ ದೇಶಕ್ಕೆ ಮರಳಿದರು. ಹೆಸರು ಫರ್ಡಿನೆಂಡ್ ಮಾರ್ಕೋಸ್ ಜೂನಿಯರ್. 2022ರ ಚುನಾವಣೆಯಲ್ಲಿ 3 ಕೋಟಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದು ಅವರೇ ಅಧ್ಯಕ್ಷರಾದರು. ಮತ ಹಾಕಿದವರಲ್ಲಿ ಹೆಚ್ಚಿನವರು 1986ರಲ್ಲಿ ಹುಟ್ಟೇ ಇರಲಿಲ್ಲ, ಇಲ್ಲವೇ ತೊಟ್ಟಿಲಲ್ಲಿದ್ದರು. ಎಡ್ಸಾದಲ್ಲಿ ನಿಂತ ಲೋಲಾ ಒಂದು ಕಡೆ, ಮೊಮ್ಮಕ್ಕಳು ಇನ್ನೊಂದು ಕಡೆ ಆಗಿ ಊಟದ ಮೇಜಿನಲ್ಲೇ ವಾದ ನಡೆದ ಮನೆಗಳು ಅಲ್ಲಿ ಕಡಿಮೆಯಲ್ಲ.

ಇದನ್ನು ಕೇಳಿ ಮೊಮ್ಮಗಳ ಮುಖ ಕೆಂಪಾಯಿತು. "ಹಾಗಾದರೆ ಅಷ್ಟು ಜನ ಟ್ಯಾಂಕಿನ ಮುಂದೆ ಕೂತಿದ್ದು ಸುಮ್ಮನೆಯಾ ತಾತ?"

ನಾನು ಯೋಚಿಸಿ ಹೇಳಿದೆ: "ಅವರಲ್ಲಿ ಹೆಚ್ಚಿನವರಿಗೆ ಕೋರಿಯೇ ಗೆಲ್ಲಬೇಕಿತ್ತು, ನಿಜ. ಆದರೆ ಆ ಕಂಪ್ಯೂಟರ್ ಹುಡುಗಿಯರು ಯಾರಿಗೆ ಮತ ಹಾಕಿದ್ದರೋ, ಅದನ್ನು ಯಾರೂ ಕೇಳಲಿಲ್ಲ. ಅವರು ಎದ್ದದ್ದು ಕೂಡಿದ ಲೆಕ್ಕ ತಪ್ಪು ಎಂಬುದಕ್ಕೆ."

ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಚಪ್ಪಲಿ ಎಲ್ಲ ಈಗ ಎಲ್ಲಿವೆ?" ಎಂದಳು. ಮನಿಲಾದ ಪಕ್ಕದಲ್ಲಿ ಮಾರಿಕಿನಾ ಅಂತ ಒಂದು ಊರಿದೆ, ಪಾದರಕ್ಷೆ ಹೊಲಿಯುವವರ ಊರು, ಅಲ್ಲಿ 2001ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ, ಗಾಜಿನ ಕಪಾಟಿನಲ್ಲಿ ನೂರಾರು ಜೊತೆ ಸಾಲಾಗಿ ಇಟ್ಟಿದ್ದಾರೆ ಎಂದೆ. ಅವಳು ರಸಪ್ರಶ್ನೆಯ ಪುಸ್ತಕ ತೆರೆದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು: ಮಾರಿಕಿನಾ.